ಸಾಕುಗಿಳಿಯ ಬಟ್ಟಲಲ್ಲಿ ಏನಿರಬೇಕು?

ಪಂಜರದ ಹಕ್ಕಿಗೆ ಹೊಟ್ಟೆ ತುಂಬಿಸುವುದು ಕಷ್ಟದ ಕೆಲಸವಲ್ಲ. ಒಂದು ಹಿಡಿ ನವಣೆ, ಒಂದಷ್ಟು ಸೂರ್ಯಕಾಂತಿ ಬೀಜ, ಒಂದು ಬಟ್ಟಲು ನೀರು ಇಟ್ಟರೆ ಬಜರಿಗರ್ ಆಗಲಿ ಕಾಕಟೀಲ್ ಆಗಲಿ ವರ್ಷಗಟ್ಟಲೆ ಬದುಕುತ್ತದೆ. ಸಿಳ್ಳೆ ಹಾಕುತ್ತದೆ, ಮೊಟ್ಟೆಯಿಟ್ಟು ಮರಿಯನ್ನೂ ಮಾಡುತ್ತದೆ. ತೊಂದರೆ ಇರುವುದು ಅಲ್ಲೇ. ಹಸಿದ ಹಕ್ಕಿಯನ್ನು ಯಾರಾದರೂ ಗುರುತಿಸಬಲ್ಲರು. ಹೊಟ್ಟೆ ತುಂಬಿಯೂ ಪೋಷಣೆ ಸಾಲದ ಹಕ್ಕಿಯನ್ನು ಗುರುತಿಸುವುದು ಪಳಗಿದ ಕಣ್ಣಿಗೂ ಸುಲಭವಲ್ಲ. ಬೇಟೆಗೆ ಗುರಿಯಾಗುವ ಜೀವಿಗಳು ಕಾಯಿಲೆಯನ್ನು ತೋರಗೊಡುವುದಿಲ್ಲ. ಗಿಳಿ ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂರುವ ಹೊತ್ತಿಗೆ ಅದರ ಯಕೃತ್ತಿನಲ್ಲಿ ಕೊಬ್ಬು ಸೇರಿ ಎಷ್ಟೋ ಕಾಲವಾಗಿರುತ್ತದೆ. ಪಶುವೈದ್ಯರು ಸಾಕುಗಿಳಿಗಳಲ್ಲಿ ನೋಡುವ ರೋಗಗಳಲ್ಲಿ ದೊಡ್ಡ ಪಾಲು ಹೀಗೆ ಬಟ್ಟಲಿನಿಂದಲೇ ಹುಟ್ಟಿದ್ದು.

ಏನು ಹಾಕಬೇಕು ಎಂಬ ವಿಷಯದಲ್ಲಿ ಸಾಕುವವರೊಳಗೆ ಮೂರು ಪಂಗಡಗಳಿವೆ. ಕಾಳು-ಬೀಜವೇ ಗಿಳಿಯ ಸಹಜ ಆಹಾರ ಎನ್ನುವವರು ಮೊದಲನೆಯವರು. ಎಲ್ಲ ಪೋಷಕಾಂಶವನ್ನೂ ಅಳೆದು ಒತ್ತಿ ಮಾಡಿದ ಪೆಲೆಟ್ ಒಂದೇ ಸಾಕು ಎನ್ನುವವರು ಎರಡನೆಯವರು. ಹಣ್ಣು, ತರಕಾರಿ, ಮೊಳಕೆಕಾಳು, ಬೇಯಿಸಿದ ಧಾನ್ಯ ಹೀಗೆ ಅಡುಗೆಮನೆಯಿಂದಲೇ ಗಿಳಿಯನ್ನು ಸಾಕಬೇಕೆನ್ನುವವರು ಮೂರನೆಯವರು. ಮೂವರ ಮಾತಿನಲ್ಲೂ ಸತ್ಯವಿದೆ. ನನ್ನ ಮಟ್ಟಿಗೆ ಹೇಳುವುದಾದರೆ ಯಾವ ಪಂಗಡದ ಆಹಾರ ಎಂಬುದಕ್ಕಿಂತ ದೊಡ್ಡ ತಪ್ಪು ಒಂದಿದೆ: ಬಟ್ಟಲನ್ನು ಬೆಳಗಿನಿಂದ ಸಂಜೆಯವರೆಗೆ ತುಂಬಿಟ್ಟು, ಬೇಕಾದ್ದನ್ನು ಆರಿಸಿ ತಿನ್ನುವ ಹೊಣೆಯನ್ನು ಹಕ್ಕಿಗೇ ಬಿಡುವುದು.

ಸಾಕುಗಿಳಿ ಎಂದಾಗ ನಮ್ಮ ಹೊಲ-ತೋಟಗಳ ಹಸಿರು ಗಿಳಿಯ ಮಾತು ಇಲ್ಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ದೇಶದ ಕಾಡುಗಿಳಿಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಗಾಳಿಮಳೆಗೆ ಗೂಡಿನಿಂದ ಬಿದ್ದ ಮರಿ ಸಿಕ್ಕರೆ ಅರಣ್ಯ ಇಲಾಖೆಗೋ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೋ ಒಪ್ಪಿಸಬೇಕು. ಮನೆಗಳಲ್ಲಿ ಸಾಕಲು ಅವಕಾಶವಿರುವುದು ಹೊರದೇಶದ ಮೂಲದ ಜಾತಿಗಳಿಗೆ: ನಮ್ಮಲ್ಲಿ ಅನೇಕರು ಲವ್ ಬರ್ಡ್ಸ್ ಎಂದೇ ಕರೆಯುವ ಬಜರಿಗರ್, ನಿಜವಾದ ಲವ್ ಬರ್ಡ್, ಕಾಕಟೀಲ್, ಸನ್ ಕೊನ್ಯೂರ್, ಆಫ್ರಿಕನ್ ಗ್ರೇ, ಮಕಾವ್. ಇವುಗಳಲ್ಲೂ ವನ್ಯಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜಾತಿಗಳನ್ನು 2024ರ ನಿಯಮಗಳಂತೆ ನೋಂದಾಯಿಸಬೇಕು. ಆಫ್ರಿಕನ್ ಗ್ರೇ 2017ರಿಂದ ಆ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ.

ಈ ಹೆಸರುಗಳನ್ನು ಒಟ್ಟಿಗೆ ಹೇಳಿದೊಡನೆಯೇ ಪ್ರಶ್ನೆ ಜಟಿಲವಾಗುತ್ತದೆ. ಜಗತ್ತಿನಲ್ಲಿ ಗಿಳಿಗಳ ಸುಮಾರು 400 ಜಾತಿಗಳಿವೆ. ಅವು ತಿನ್ನುವುದು ಒಂದೇ ಬಗೆಯ ಊಟವಲ್ಲ. ಬಜರಿಗರ್ ಆಸ್ಟ್ರೇಲಿಯಾದ ಒಣ ಬಯಲಿನದು. ಮಳೆ ಬಿದ್ದ ಕಡೆಗೆ ಹಿಂಡುಹಿಂಡಾಗಿ ಹಾರಿ ನೆಲದ ಹುಲ್ಲಿನ ಸಣ್ಣ ಬೀಜಗಳನ್ನು ಹೆಕ್ಕಿ ಬದುಕುವ ಹಕ್ಕಿ. 1840ರಲ್ಲಿ ಜಾನ್ ಗೋಲ್ಡ್ ಅದನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ ಮೇಲೆ ಅದು ಮನೆಮನೆಯ ಹಕ್ಕಿಯಾಯಿತು. ಬ್ರೆಜಿಲ್‌ನ ಪ್ಯಾಂಟನಾಲ್ ಜೌಗಿನ ಹಯಸಿಂತ್ ಮಕಾವ್ ಕಲ್ಲಿನಷ್ಟು ಗಟ್ಟಿಯಾದ ಎರಡು ಜಾತಿಯ ತಾಳೆಕಾಯಿಗಳನ್ನು ಒಡೆದು ಅವುಗಳ ಎಣ್ಣೆಭರಿತ ತಿರುಳನ್ನೇ ಮುಖ್ಯವಾಗಿ ತಿನ್ನುತ್ತದೆ. ಲೋರಿಗಳ ನಾಲಗೆಯ ತುದಿಯಲ್ಲಿ ಕುಂಚದಂಥ ಎಳೆಗಳಿವೆ. ಅವು ಮಕರಂದ, ಪರಾಗಗಳನ್ನು ನೆಕ್ಕುವ ಹಕ್ಕಿಗಳು. ಲೋರಿಗೆ ಕಬ್ಬಿಣಾಂಶ ಹೆಚ್ಚಾದರೆ ಅದು ಯಕೃತ್ತಿನಲ್ಲಿ ಸಂಗ್ರಹವಾಗಿ ಕೊಲ್ಲುತ್ತದೆ. ಮಕಾವ್‌ಗೆ ಒಗ್ಗುವ ಕೊಬ್ಬು ಪಂಜರದ ಅಮೆಜಾನ್ ಗಿಳಿಗೆ ವಿಷವಾಗುತ್ತದೆ. ಬಜರಿಗರ್‌ಗೆ ಸಲ್ಲುವ ಕಾಳಿನ ಪಾಲು ಆಫ್ರಿಕನ್ ಗ್ರೇಗೆ ಸಲ್ಲದು. ಅಂಗಡಿಯಲ್ಲಿ ‘ಗಿಳಿ ಆಹಾರ’ ಎಂದು ಒಂದೇ ಚೀಟಿ ಅಂಟಿಸಿ ಮಾರುವ ಪೊಟ್ಟಣದ ಮೇಲೆ ನನಗೆ ನಂಬಿಕೆ ಇಲ್ಲದಿರುವುದು ಇದಕ್ಕೇ.

ಕಾಳಿನ ಪಂಗಡದವರು ಹೇಳುವುದು ಹೀಗೆ: ಕಾಡಿನಲ್ಲಿ ಗಿಳಿ ಬೀಜವನ್ನೇ ತಿನ್ನುತ್ತದಲ್ಲವೇ? ತಿನ್ನುತ್ತದೆ. ಬಯಲುಸೀಮೆಯಲ್ಲಿ ಜೋಳದ ತೆನೆ ಕಾಯಲು ಕವಣೆ ಹಿಡಿದು ಅಟ್ಟಣಿಗೆಯ ಮೇಲೆ ಕುಳಿತವರನ್ನು ಕೇಳಿದರೆ ಗಿಳಿ ಬೀಜ ತಿನ್ನುವುದಿಲ್ಲವೆಂದು ಯಾರೂ ಹೇಳಲಾರರು. ಆದರೆ ಅದೇ ಗಿಳಿ ಮುತ್ತುಗದ ಹೂವನ್ನು ಕಿತ್ತು ಮಕರಂದ ಹೀರುತ್ತದೆ, ಎಳೆ ಚಿಗುರು ಕಡಿಯುತ್ತದೆ, ಹಸಿ ಕಾಯಿ ಸೀಳುತ್ತದೆ, ಹಾಲುಗಾಳಿನ ತೆನೆಗೂ ಬಾಯಿ ಹಾಕುತ್ತದೆ. ಹಾಲು ತುಂಬಿದ ಹಸಿ ಬೀಜ ಬೇರೆ, ಚೀಲದಲ್ಲಿ ಆರು ತಿಂಗಳು ಒಣಗಿದ ಬೀಜ ಬೇರೆ. ಅದಕ್ಕಿಂತ ಮುಖ್ಯವಾದುದು ಹಾರಾಟ. ಕಾಡಿನ ಹಕ್ಕಿ ದಿನಕ್ಕೆ ಎಷ್ಟೋ ಮೈಲಿ ಹಾರಿ ಬೀಜದ ಕೊಬ್ಬನ್ನು ಉರಿಸುತ್ತದೆ. ಎರಡಡಿ ಪಂಜರದ ಹಕ್ಕಿಗೆ ಅದನ್ನು ಉರಿಸುವ ದಾರಿಯಿಲ್ಲ.

ಲೆಕ್ಕ ನೋಡಿ. ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜದ ತೂಕದಲ್ಲಿ ಅರ್ಧದಷ್ಟು ಎಣ್ಣೆ. ನೂರು ಗ್ರಾಂನಲ್ಲಿ ಕ್ಯಾಲ್ಸಿಯಂ ಸುಮಾರು 80 ಮಿಲಿಗ್ರಾಂ ಇದ್ದರೆ ರಂಜಕ 660ರ ಆಸುಪಾಸು. ಗಿಳಿಯ ಆಹಾರದಲ್ಲಿ ಕ್ಯಾಲ್ಸಿಯಂ ರಂಜಕದಷ್ಟಾದರೂ ಇರಬೇಕು, ಒಂದೂವರೆ ಪಟ್ಟು ಇದ್ದರೆ ಇನ್ನೂ ಒಳ್ಳೆಯದು. ಇಲ್ಲಿ ಅದು ಎಂಟರಲ್ಲಿ ಒಂದು ಪಾಲು. ರಂಜಕ ಹೀಗೆ ಮೇಲುಗೈಯಾದಾಗ ದೇಹ ರಕ್ತದ ಕ್ಯಾಲ್ಸಿಯಂ ಮಟ್ಟ ಕಾಯ್ದುಕೊಳ್ಳಲು ಮೂಳೆಯಿಂದ ತೆಗೆಯುತ್ತದೆ. ಮೊಟ್ಟೆಯಿಡುವ ಹೆಣ್ಣಿನಲ್ಲಿ ಮೊಟ್ಟೆ ಹೊರಬರದೆ ಸಿಕ್ಕಿಕೊಳ್ಳುವುದಕ್ಕೆ, ಆಫ್ರಿಕನ್ ಗ್ರೇ ಇದ್ದಕ್ಕಿದ್ದಂತೆ ಸೆಳೆತ ಬಂದು ಕೊಂಬೆಯಿಂದ ಬೀಳುವುದಕ್ಕೆ ಬಹಳ ಸಲ ಕಾರಣ ಇದೇ. ನವಣೆಯಲ್ಲಿ ಕೊಬ್ಬು ಕಡಿಮೆ, ಅಷ್ಟು ಮಟ್ಟಿಗೆ ಅದು ಮೇಲು; ಕ್ಯಾಲ್ಸಿಯಂ ವಿಷಯದಲ್ಲಿ ಅದೂ ಬಡವೇ. ಕೊಬ್ಬಿನ ಭಯದಿಂದ ಸೂರ್ಯಕಾಂತಿ ಬಿಟ್ಟು ಕುಸುಬೆಗೆ ಹೋಗುವವರಿದ್ದಾರೆ. ಕುಸುಬೆಯೂ ಎಣ್ಣೆಕಾಳೇ, ಅದರಿಂದ ಆಗುವ ಲಾಭ ಅತ್ಯಲ್ಪ.

ಇನ್ನೊಂದು ಕೊರತೆ ವಿಟಮಿನ್ ಎ. ಒಣ ಬೀಜಗಳಲ್ಲಿ ಅದು ಇಲ್ಲವೆಂದೇ ಹೇಳಬಹುದು. ಬಾಯಿ, ಮೂಗು, ಗಂಟಲು, ಮೂತ್ರನಾಳಗಳ ಒಳಪದರವನ್ನು ತೇವವಾಗಿ, ಮೃದುವಾಗಿ ಇಡುವುದು ಈ ವಿಟಮಿನ್. ಅದು ಕಡಿಮೆಯಾದಾಗ ಆ ಪದರ ದಪ್ಪಗಟ್ಟಿ ಚರ್ಮದಂತೆ ಒರಟಾಗುತ್ತದೆ. ಲೋಳೆ ಒಸರುವುದು ನಿಲ್ಲುತ್ತದೆ. ಸೂಕ್ಷ್ಮಾಣುಗಳಿಗೆ ಬಾಗಿಲು ತೆರೆಯುತ್ತದೆ. ಮೂಗು ಕಟ್ಟುವುದು, ಕಣ್ಣಿನ ಸುತ್ತ ಊದುವುದು, ಬಾಯಿಯೊಳಗೆ ಬಿಳಿ ಗಂಟು ಏಳುವುದು, ಮತ್ತೆಮತ್ತೆ ಬರುವ ಉಸಿರಾಟದ ಸೋಂಕು, ಇವೆಲ್ಲ ಅದರ ಫಲ. ಹಕ್ಕಿಯ ಬಾಯಿ ತೆರೆಸಿದ ವೈದ್ಯರು ಅಂಗುಳಿನ ಸೀಳನ್ನು ನೋಡುತ್ತಾರೆ. ಆರೋಗ್ಯವಂತ ಗಿಳಿಯಲ್ಲಿ ಅದರ ಅಂಚಿಗೆ ಚೂಪಾದ ಸಣ್ಣ ಮುಳ್ಳುಗಳಿರುತ್ತವೆ. ಬರಿ ಕಾಳು ತಿಂದ ಗಿಳಿಯಲ್ಲಿ ಅವು ಸವೆದು ಮೊಂಡಾಗಿರುತ್ತವೆ. ಸೋಂಕಿಗೆ ಔಷಧ ಕೊಟ್ಟು ಬಟ್ಟಲನ್ನು ಹಾಗೇ ಬಿಟ್ಟರೆ ಒಂದೆರಡು ತಿಂಗಳಲ್ಲಿ ಅದೇ ಹಕ್ಕಿ ಅದೇ ಸೋಂಕಿನೊಂದಿಗೆ ವೈದ್ಯರ ಬಳಿಗೆ ಮರಳುತ್ತದೆ. ಬರಿ ಕಾಳಿನಲ್ಲಿ ಅಯೋಡಿನ್ ಕೂಡ ಸಾಲದು; ಅದರ ಕೊರತೆಯಾದ ಬಜರಿಗರ್‌ನ ಥೈರಾಯ್ಡ್ ಊದಿ ಶ್ವಾಸನಾಳವನ್ನು ಒತ್ತುತ್ತದೆ. ಉಸಿರಾಡುವಾಗ ಕಟಕಟ ಸದ್ದು, ತಿಂದದ್ದು ಕಕ್ಕುವುದು ಕಾಣುತ್ತದೆ.

ಹಾಗಾದರೆ ಹತ್ತು ಬಗೆಯ ಕಾಳು, ಒಣಹಣ್ಣು, ಬಣ್ಣದ ಗುಳಿಗೆ ಬೆರೆಸಿದ ಮಿಶ್ರಣ ತಂದರೆ? ಪೊಟ್ಟಣದ ಮೇಲೆ ಬರೆದ ಪೋಷಕಾಂಶದ ಪಟ್ಟಿ ಸತ್ಯವೇ ಇರಬಹುದು. ಹಕ್ಕಿಯ ಹೊಟ್ಟೆಗೆ ಇಳಿಯುವುದು ಆ ಪಟ್ಟಿಯಲ್ಲ. ಹಬ್ಬದೆಲೆಯಲ್ಲಿ ಹೋಳಿಗೆಯನ್ನಷ್ಟೇ ತಿಂದು ಕೋಸಂಬರಿ, ಪಲ್ಯ ಬಿಟ್ಟೇಳುವ ಮಗುವಿನಂತೆ ಗಿಳಿ ಸೂರ್ಯಕಾಂತಿ, ಶೇಂಗಾಗಳನ್ನು ಆರಿಸಿ ಉಳಿದದ್ದನ್ನು ಕೆಳಗೆ ಚೆಲ್ಲುತ್ತದೆ. ಕಾಡಿನಲ್ಲಿ ಕೊಬ್ಬು ಅಪರೂಪ. ಸಿಕ್ಕಾಗ ತಿನ್ನು ಎಂಬುದು ಅದರ ರಕ್ತದಲ್ಲಿರುವ ಪಾಠ. ಈ ಪಾಠಕ್ಕೆ ಪಂಜರದಲ್ಲಿ ಅರ್ಥವಿಲ್ಲವೆಂದು ಅದಕ್ಕೆ ತಿಳಿಯುವುದು ಹೇಗೆ? ಬಟ್ಟಲಿನ ಇನ್ನೊಂದು ಮೋಸವೂ ಇದೆ. ಗಿಳಿಗಳು ಸಿಪ್ಪೆ ಸುಲಿದು ತಿರುಳನ್ನಷ್ಟೇ ನುಂಗುತ್ತವೆ, ಹೊಟ್ಟು ಬಟ್ಟಲಲ್ಲೇ ಉಳಿಯುತ್ತದೆ. ಕಾಳಿದೆ ಎಂದುಕೊಂಡು ಮನೆಯವರು ಊರಿಗೆ ಹೋಗಿ ಬರುವಷ್ಟರಲ್ಲಿ ಬಜರಿಗರ್ ಉಪವಾಸ ಸತ್ತಿರುತ್ತದೆ. ದಿನವೂ ಹೊಟ್ಟನ್ನು ಊದಿ ನೋಡಬೇಕು.

ಪೆಲೆಟ್ ಹುಟ್ಟಿದ್ದು ಈ ಆರಿಸಿ ತಿನ್ನುವ ಗುಣಕ್ಕೆ ಉತ್ತರವಾಗಿ. ಪ್ರತಿ ಗುಳಿಗೆಯಲ್ಲೂ ಎಲ್ಲವೂ ಒಂದೇ ಪ್ರಮಾಣದಲ್ಲಿದ್ದರೆ ಆರಿಸಲು ಏನೂ ಉಳಿಯುವುದಿಲ್ಲ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಟಾಮ್ ರೂಡಿಬುಷ್, ಸಿ. ಆರ್. ಗ್ರಾವ್ ಮೊದಲಾದವರು ಕಾಕಟೀಲ್‌ಗಳ ಮೇಲೆ ಕ್ರಮವಾದ ಪೋಷಣಾ ಅಧ್ಯಯನ ನಡೆಸಿದರು. ಬೆಳೆಯುವ ಮರಿಗೆ ಆಹಾರದಲ್ಲಿ ಸುಮಾರು ಶೇ 20ರಷ್ಟು ಪ್ರೋಟೀನ್ ಬೇಕೆಂಬುದು ಅಲ್ಲಿ ತಿಳಿಯಿತು. 1991ರಲ್ಲಿ ಡುಯೇನ್ ಉಲ್ರಿ ಮತ್ತು ಸಂಗಡಿಗರು ಕಾಳಿನ ಮಿಶ್ರಣವನ್ನೂ ಸಿದ್ಧ ಆಹಾರವನ್ನೂ ಹೋಲಿಸಿ, ಸಿದ್ಧ ಆಹಾರದಲ್ಲಿ ಮರಿಗಳು ಬದುಕಿ ಗೂಡು ಬಿಡುವ ಪ್ರಮಾಣ ಮೇಲಾಗಿದೆ ಎಂದು ತೋರಿಸಿದರು. ಹಕ್ಕಿವೈದ್ಯರು ಇಂದು ಪೆಲೆಟ್ಟನ್ನು ಊಟದ ಬುಡವಾಗಿ ಸೂಚಿಸುವುದಕ್ಕೆ ಇಂಥ ಆಧಾರವಿದೆ. ಕಾಳಿನಿಂದ ಪೆಲೆಟ್‌ಗೆ ಬಂದ ಹಕ್ಕಿಯ ಪುಕ್ಕ ಮುಂದಿನ ಬಾರಿ ಉದುರಿ ಹುಟ್ಟುವಾಗ ಹೊಳಪು ಪಡೆಯುವುದನ್ನು ಯಾರಾದರೂ ಕಣ್ಣಾರೆ ಕಾಣಬಹುದು.

ಆದರೂ ಪೆಲೆಟ್ ಒಂದೇ ಸಾಕು ಎಂಬ ಮಾತನ್ನು ನಾನು ಒಪ್ಪಲಾರೆ. ಗಿಳಿಗಳಿಗೆಂದು ಬಳಸುವ ಅನೇಕ ಅಳತೆಗಳು ಕೋಳಿ ಸಾಕಣೆಯ ಲೆಕ್ಕದಿಂದ ಎರವಲು ತಂದವು. ಕೋಳಿ ಆರು ವಾರದಲ್ಲಿ ಮಾಂಸವಾಗಬೇಕಾದ ಹಕ್ಕಿ. ಆಫ್ರಿಕನ್ ಗ್ರೇ ನಲವತ್ತು ವರ್ಷ ಬಾಳಬೇಕಾದ ಹಕ್ಕಿ. ಎರಡರ ಅಗತ್ಯ ಒಂದೇ ಆಗಿರಲು ಸಾಧ್ಯವಿಲ್ಲ. 2003ರಲ್ಲಿ ಎಲಿಜಬೆತ್ ಕೌಟ್ಸಸ್ ಮತ್ತು ಸಂಗಡಿಗರು ವಯಸ್ಕ ಕಾಕಟೀಲ್‌ಗಳಲ್ಲಿ ಕಂಡುಕೊಂಡದ್ದು ಎಲ್ಲರೂ ತಿಳಿಯಬೇಕಾದ ವಿಷಯ: ವಿಟಮಿನ್ ಎ ಕೊರತೆಗಿಂತ ಅದರ ಅತಿರೇಕವೇ ಅವುಗಳಿಗೆ ಬೇಗ ತೊಂದರೆ ಕೊಟ್ಟಿತು. ಮಕಾವ್ ಮರಿಗಳಿಗೆ ವಿಟಮಿನ್ ಡಿ ಅತಿಯಾದರೆ ಮೂತ್ರಪಿಂಡಗಳಲ್ಲಿ ಸುಣ್ಣ ಕಟ್ಟುತ್ತದೆ. ಪೆಲೆಟ್ ತಿನ್ನುವ ಹಕ್ಕಿಯ ನೀರಿಗೆ ಮೇಲಿಂದ ವಿಟಮಿನ್ ಹನಿ ಬೆರೆಸುವುದು ಪ್ರೀತಿಯಿಂದ ಮಾಡುವ ಅಪಾಯ. ನೀರಿನಲ್ಲಿ ಆ ವಿಟಮಿನ್‌ಗಳು ಬೇಗ ಕೆಡುತ್ತವೆ, ನೀರು ಲೋಳೆಗಟ್ಟುತ್ತದೆ, ಎಷ್ಟು ಒಳಗೆ ಹೋಯಿತೆಂಬ ಲೆಕ್ಕವೂ ಸಿಗುವುದಿಲ್ಲ.

ನಮ್ಮ ಊರುಗಳಲ್ಲಿ ಪೆಲೆಟ್‌ಗೆ ಬೇರೆ ತೊಡಕುಗಳೂ ಇವೆ. ಒಳ್ಳೆಯವು ಬಹುಪಾಲು ಆಮದಾದವು, ದುಬಾರಿ. ಅಂಗಡಿಯವರು ದೊಡ್ಡ ಚೀಲ ಬಿಚ್ಚಿ ಕಾಲು ಕಿಲೋ, ಅರ್ಧ ಕಿಲೋ ತೂಗಿ ಕೊಡುತ್ತಾರೆ. ಯಾವ ಕಂಪನಿ, ಎಂದು ಬಿಚ್ಚಿದ್ದು, ಎಂದಿಗೆ ಅವಧಿ ಮುಗಿಯುತ್ತದೆ ಎಂಬುದು ಕೊಂಡವರಿಗೆ ತಿಳಿಯದು. ಬಿಚ್ಚಿದ ಪೆಲೆಟ್‌ನ ಕೊಬ್ಬು ಗಾಳಿಗೆ ಕಮಟುತ್ತದೆ, ವಿಟಮಿನ್ ಇಳಿಯುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಮೂಲ ಪೊಟ್ಟಣದಲ್ಲೇ ಸಣ್ಣದನ್ನು ಕೊಂಡು ಗಾಳಿಯಾಡದ ಡಬ್ಬಿಯಲ್ಲಿಡುವುದು ಲೇಸು. ಕೆಂಪು, ಹಸಿರು, ಹಳದಿ ಬಣ್ಣ ಹಾಕಿದ ಸಿಹಿ ಗುಳಿಗೆಗಳಿಗಿಂತ ಬಣ್ಣವಿಲ್ಲದ ಮಾಸಲು ಗುಳಿಗೆ ಒಳ್ಳೆಯದು. ಹಕ್ಕಿಯ ಹಿಕ್ಕೆಯ ಬಣ್ಣ ಆರೋಗ್ಯದ ಕನ್ನಡಿ. ಬಣ್ಣದ ಪೆಲೆಟ್ ಅದನ್ನು ಮಸುಕು ಮಾಡುತ್ತದೆ.

ಮೂರನೆಯ ಪಂಗಡದ ಮಾತಿಗೆ ಬಂದರೆ, ಕರ್ನಾಟಕದಲ್ಲಿ ಗಿಳಿ ಸಾಕುವವರ ಭಾಗ್ಯ ದೊಡ್ಡದು. ನಮ್ಮ ಸೊಪ್ಪಿನ ಸಂತೆಯಲ್ಲಿ ಸಿಗುವಷ್ಟು ಒಳ್ಳೆಯ ಗಿಳಿ ಆಹಾರ ಬಹಳ ದೇಶಗಳಲ್ಲಿ ಸಿಗಲಾರದು. ನುಗ್ಗೆ ಸೊಪ್ಪನ್ನೇ ತೆಗೆದುಕೊಳ್ಳಿ: ನೂರು ಗ್ರಾಂನಲ್ಲಿ 300 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ, ಜೊತೆಗೆ ದೇಹ ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುವ ಕ್ಯಾರೋಟಿನ್ ಧಾರಾಳ. ಸೂರ್ಯಕಾಂತಿಯ ಎರಡು ದೊಡ್ಡ ಕೊರತೆಗಳಿಗೂ ಇದರಲ್ಲಿ ಮದ್ದಿದೆ. ತೊಳೆದ ಒಂದು ಎಳೆಯನ್ನು ಪಂಜರದ ಮೇಲ್ಗಡೆ ಸಿಕ್ಕಿಸಿದರೆ ಕಾಕಟೀಲ್ ನೇತಾಡಿಕೊಂಡು ಎಲೆ ಎಲೆಯಾಗಿ ಬಿಡಿಸುತ್ತದೆ. ದಂಟು, ಹರಿವೆ, ಮೆಂತ್ಯ, ಕೊತ್ತಂಬರಿ, ಕರಿಬೇವು ಎಲ್ಲವೂ ಸರಿ, ಸರದಿಯಲ್ಲಿ ಕೊಡಬೇಕು. ಪಾಲಕ್‌ನಲ್ಲಿ ಆಕ್ಸಲೇಟ್ ಹೆಚ್ಚಿದ್ದು ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ವಾರಕ್ಕೊಮ್ಮೆ ಸಾಕು. ಹರಿವೆಯಲ್ಲೂ ಆಕ್ಸಲೇಟ್ ಉಂಟು, ಹಾಗಾಗಿ ದಿನವೂ ಅದೊಂದೇ ಬೇಡ. ಸೊಪ್ಪಿಗೆ ಹೊಡೆಯುವ ಔಷಧಿಯ ಚಿಂತೆ ಎಲ್ಲರಿಗೂ ಇದ್ದದ್ದೇ. ಮೂವತ್ತು-ನಲವತ್ತು ಗ್ರಾಂ ತೂಗುವ ಬಜರಿಗರ್‌ಗೆ ಆ ಚಿಂತೆ ನಮಗಿಂತ ಹೆಚ್ಚು ಸಲ್ಲಬೇಕು. ಕುಂಡದಲ್ಲಿ ನಾಲ್ಕು ಮೆಂತ್ಯ, ಒಂದು ಹಿಡಿ ನವಣೆ ಎರಚಿ ಹುಲ್ಲಿನಂತೆ ಬೆಳೆಸಿಕೊಂಡರೆ ವರ್ಷವಿಡೀ ನಿಶ್ಚಿಂತೆ.

ಕಿತ್ತಳೆ, ಹಳದಿ ಬಣ್ಣದ ತರಕಾರಿಗಳಿಗೂ ಅಷ್ಟೇ ಬೆಲೆ: ಕ್ಯಾರೆಟ್, ಸಿಹಿಗುಂಬಳ, ಹಳದಿ ತಿರುಳಿನ ಗೆಣಸು. ಗೆಣಸು, ಕುಂಬಳಗಳನ್ನು ಹಬೆಯಲ್ಲಿ ಸ್ವಲ್ಪ ಬೇಯಿಸಿದರೆ ಒಳ್ಳೆಯದು. ಮೆಣಸಿನಕಾಯಿಯ ಬಗ್ಗೆ ಜನರಿಗಿರುವ ನಂಬಿಕೆ ಶಾಸ್ತ್ರಕ್ಕೂ ಒಪ್ಪುವಂಥದ್ದು. ಖಾರದ ಕ್ಯಾಪ್ಸೈಸಿನ್ ನಮ್ಮ ನರದ ಯಾವ ಗ್ರಾಹಕವನ್ನು ಕೆಣಕಿ ಉರಿ ಎಬ್ಬಿಸುತ್ತದೋ ಆ ಗ್ರಾಹಕ ಹಕ್ಕಿಗಳಲ್ಲಿ ಬೇರೆ ರೂಪದ್ದು, ಅದಕ್ಕೆ ಖಾರ ತಾಗುವುದಿಲ್ಲ. ಸ್ವೆನ್-ಎರಿಕ್ ಯೋರ್ಟ್ ಮತ್ತು 2021ರಲ್ಲಿ ನೊಬೆಲ್ ಪಡೆದ ಡೇವಿಡ್ ಜೂಲಿಯಸ್ 2002ರಲ್ಲಿ ಇದನ್ನು ಕೋಳಿಯ ಗ್ರಾಹಕದಲ್ಲಿ ತೋರಿಸಿದರು. ಕೆಂಪು ಮೆಣಸಿನಕಾಯಿಯಲ್ಲಿ ಕ್ಯಾರೋಟಿನ್ ಚೆನ್ನಾಗಿರುವುದರಿಂದ ಗಿಳಿಗೆ ಅದು ಒಳ್ಳೆಯ ತಿನಿಸು, ಉಪ್ಪು ಸವರದೆ ಕೊಟ್ಟರೆ.

ಹಣ್ಣಿನ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಕು. ತೋಟದ ಹಣ್ಣುಗಳನ್ನು ಮನುಷ್ಯರ ನಾಲಗೆಗಾಗಿ ಸಿಹಿಯಾಗಿಸಿ ಬೆಳೆಸಿದ್ದೇವೆ. ಕಾಡುಹಣ್ಣಿನ ನಾರು, ಪ್ರೋಟೀನ್ ಅವುಗಳಲ್ಲಿಲ್ಲ. ಸೀಬೆಹಣ್ಣಿನ ಒಂದು ಹೋಳು, ಪಪ್ಪಾಯಿಯ ಒಂದು ತುಂಡು, ದಾಳಿಂಬೆಯ ಹತ್ತಾರು ಕಾಳು ಸಾಕು. ಬಾಳೆ, ದ್ರಾಕ್ಷಿ ಅಪರೂಪಕ್ಕೆ. ಕೊನ್ಯೂರ್‌ನಂಥ ಹಣ್ಣುಪ್ರಿಯ ಹಕ್ಕಿಗೂ ಹಣ್ಣು ಊಟವಾಗಬಾರದು.

ಮೊಳಕೆಕಾಳು ನಮ್ಮ ಮನೆಗಳಿಗೆ ಹೊಸದಲ್ಲ. ಹೆಸರು, ಹುರುಳಿ, ಕಡಲೆಗಳನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಬಾಲ ಬಂದ ಕೂಡಲೆ ಕೊಟ್ಟರೆ ಧಾನ್ಯಗಳಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೊ ಆಮ್ಲ ಸಿಗುತ್ತದೆ. ಮೊಟ್ಟೆ ತಾರದ ಮನೆಗಳಲ್ಲಿ ಗಿಳಿಯ ಪ್ರೋಟೀನಿಗೆ ಇದೇ ಆಸರೆ. ತರುವ ಮನೆಯಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆಯ ಚೂರು ವಾರಕ್ಕೊಮ್ಮೆ, ಮರಿ ಸಾಕುವಾಗ ಇನ್ನಷ್ಟು. ರಾಜ್ಮಾದಂಥ ದಪ್ಪ ಕಾಳುಗಳನ್ನು ಹಸಿಯಾಗಿ, ಮೊಳಕೆ ಬಂದಿದ್ದರೂ, ಕೊಡಕೂಡದು, ಪೂರ್ತಿ ಬೇಯಿಸಬೇಕು. ಬೇಸಿಗೆಯಲ್ಲಿ ಮೊಳಕೆ ಬೇಗ ಹಳಸುತ್ತದೆ. ಹುಳಿವಾಸನೆ ಬಂದರೆ ಎಸೆಯಬೇಕು, ತಿನ್ನದೆ ಉಳಿದದ್ದನ್ನು ಎರಡು ಗಂಟೆಯೊಳಗೆ ಪಂಜರದಿಂದ ತೆಗೆಯಬೇಕು.

ರಾಗಿಯನ್ನು ಮಾತ್ರ ಪ್ರತ್ಯೇಕವಾಗಿ ಹೊಗಳಬೇಕು. ನೂರು ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಸುಮಾರು 350 ಮಿಲಿಗ್ರಾಂ. ಧಾನ್ಯಗಳಲ್ಲಿ ಕ್ಯಾಲ್ಸಿಯಂ ರಂಜಕಕ್ಕಿಂತ ಹೆಚ್ಚಿರುವುದು ತೀರ ಅಪರೂಪ, ರಾಗಿ ಆ ಅಪರೂಪದ್ದು. ಫೈಟಿಕ್ ಆಮ್ಲ ಅದರಲ್ಲೊಂದು ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊಳಕೆ ಕಟ್ಟಿದರೆ ಆ ಹಿಡಿತ ಸಡಿಲವಾಗುತ್ತದೆ. ಮಗುವಿಗೆ ರಾಗಿ ಸರಿ ಮಾಡುವ ಮನೆಯಲ್ಲಿ ಮೊಳಕೆ ರಾಗಿ ಹೇಗೂ ಇರುತ್ತದೆ. ಒಂದು ಚಮಚ ಬಜರಿಗರ್‌ಗೂ ಸಲ್ಲಲಿ. ಬಜರಿಗರ್ ಕಾಳುತಿನ್ನುವ ಜಾತಿಯೇ ಆದ್ದರಿಂದ ಅದರ ಬಟ್ಟಲಲ್ಲಿ ನವಣೆ, ಸಾಮೆ, ರಾಗಿಗಳಿಗೆ ಮೂರರಲ್ಲೊಂದು ಪಾಲು ಬಿಡುವುದು ನ್ಯಾಯ. ಉಳಿದದ್ದು ಪೆಲೆಟ್ ಮತ್ತು ಸೊಪ್ಪು. ಗ್ರೇ, ಅಮೆಜಾನ್, ಕೊನ್ಯೂರ್‌ಗಳಿಗೆ ಪೆಲೆಟ್ ಅರವತ್ತು-ಎಪ್ಪತ್ತು ಪಾಲು, ಸೊಪ್ಪು-ತರಕಾರಿ-ಮೊಳಕೆ ಇಪ್ಪತ್ತೈದು-ಮೂವತ್ತು, ಬೀಜ ಮತ್ತು ಹಣ್ಣು ಕೈಯಿಂದ ಕೊಡುವ ಬಹುಮಾನದಷ್ಟು.

ಕ್ಯಾಲ್ಸಿಯಂ ತಿಂದರಷ್ಟೇ ಆಗದು, ಒಳಗೆ ಹಿಡಿಯಬೇಕು. ಅದಕ್ಕೆ ವಿಟಮಿನ್ ಡಿ, ಅದಕ್ಕೆ ಬಿಸಿಲು. ಬ್ರಿಟನ್ನಿನ ಪಶುವೈದ್ಯ ಮೈಕೇಲ್ ಸ್ಟ್ಯಾನ್‌ಫೋರ್ಡ್ ಆಫ್ರಿಕನ್ ಗ್ರೇಗಳಿಗೆ ನೇರಳಾತೀತ ದೀಪದ ಬೆಳಕು ಕೊಟ್ಟಾಗ ರಕ್ತದ ಕ್ಯಾಲ್ಸಿಯಂ, ವಿಟಮಿನ್ ಡಿ ಎರಡೂ ಏರಿದವು. ಅಲ್ಲಿ ದೀಪ ಬೇಕಾಯಿತು. ನಮಗೆ ಬೆಳಗಿನ ಎಳೆಬಿಸಿಲು ಪುಕ್ಕಟೆ. ಕಿಟಕಿಯ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಬಾಲ್ಕನಿಯಲ್ಲಿ ಅರ್ಧ ನೆರಳಿರುವಂತೆ, ಬೆಕ್ಕು-ಕಾಗೆ ಬಾರದಂತೆ, ಇಪ್ಪತ್ತು-ಮೂವತ್ತು ನಿಮಿಷ ಇಟ್ಟರಾಯಿತು. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಸಮುದ್ರನೊರೆಯನ್ನು, ಅಂದರೆ ಕಟಲ್ ಬೋನನ್ನು, ಪಂಜರಕ್ಕೆ ಕಟ್ಟಿಡುವುದು ಹಳೆಯ ಒಳ್ಳೆಯ ರೂಢಿ. ಮರಳು, ಕಲ್ಲುಪುಡಿ ಮಾತ್ರ ಬೇಡ. ಕೋಳಿ, ಪಾರಿವಾಳಗಳು ಕಾಳನ್ನು ಇಡಿಯಾಗಿ ನುಂಗುವುದರಿಂದ ಅರೆಯಲು ಕಲ್ಲು ಬೇಕು; ಸುಲಿದು ತಿನ್ನುವ ಗಿಳಿಗೆ ಅದು ಕರುಳು ಕಟ್ಟುವ ಅಪಾಯ.

ಕೊಡಬಾರದವುಗಳ ಪಟ್ಟಿ ಉದ್ದವಿಲ್ಲ, ಆದರೆ ಅದರಲ್ಲಿ ರಿಯಾಯಿತಿ ಇಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ಬರುವ ಬೆಣ್ಣೆಹಣ್ಣು ಈಗ ಎಲ್ಲ ಊರುಗಳ ಜ್ಯೂಸ್ ಅಂಗಡಿಗಳಲ್ಲೂ ಇದೆ. ಅದರ ಪರ್ಸಿನ್ ಎಂಬ ವಸ್ತು ಗಿಳಿಯ ಹೃದಯದ ಸ್ನಾಯುವನ್ನು ಹಾಳುಗೆಡವುತ್ತದೆ. ಪ್ರಯೋಗಗಳಲ್ಲಿ ಬೆಣ್ಣೆಹಣ್ಣು ತಿಂದ ಬಜರಿಗರ್‌ಗಳು ಒಂದೆರಡು ದಿನದಲ್ಲೇ ಸತ್ತಿವೆ. ಚಾಕೊಲೇಟ್, ಕಾಫಿ, ಚಹಾ, ಈರುಳ್ಳಿ, ಬೆಳ್ಳುಳ್ಳಿ, ಮಿಕ್ಚರ್, ಉಪ್ಪಿನಕಾಯಿ, ಸೀತಾಫಲದ ಬೀಜ, ಸೇಬಿನ ಬೀಜ ಬೇಡ. ಹಾಲು-ಅನ್ನ ಗಿಳಿಯ ಊಟವೆಂದು ಹಿರಿಯರು ಪ್ರೀತಿಯಿಂದ ಕಲಸಿಡುತ್ತಿದ್ದರು. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಹಕ್ಕಿಗಿಲ್ಲ.

ಶೇಂಗಾದ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೀರಿದ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಲ್ಲಿ ಬೆಳೆದ ಬೂಷ್ಟಿನ ವಿಷ ಅದಕ್ಕೆ ಕಾರಣವೆಂದು ಆಮೇಲೆ ತಿಳಿದು, ಅಫ್ಲಾಟಾಕ್ಸಿನ್ ಜಗತ್ತಿಗೆ ಪರಿಚಯವಾಯಿತು. ಆ ವಿಷ ಕಣ್ಣಿಗೆ ಕಾಣುವುದಿಲ್ಲ, ಹುರಿದರೆ ಪೂರ್ತಿ ಹೋಗುವುದಿಲ್ಲ, ಹಕ್ಕಿಯ ಯಕೃತ್ತನ್ನು ಬಹುಬೇಗ ಕೆಡಿಸುತ್ತದೆ. ಮನುಷ್ಯರು ತಿನ್ನುವ ದರ್ಜೆಯ, ಆರಿಸಿದ ಕಾಯಿಯಲ್ಲದೆ ಸಿಪ್ಪೆಯೊಂದಿಗೆ ಚೀಲದಲ್ಲಿ ಬಿದ್ದಿದ್ದ ಶೇಂಗಾವನ್ನು ಗಿಳಿಗೆ ಹಾಕಬಾರದು.

ಏನು ತಿನ್ನಬೇಕೆಂಬ ಚರ್ಚೆಯಲ್ಲಿ ಎಷ್ಟು ಹೊತ್ತು ತಿನ್ನಬೇಕೆಂಬುದು ಮರೆತೇಹೋಗುತ್ತದೆ. ನನಗಂತೂ ಇದು ಮೊದಲಿನಷ್ಟೇ ಮುಖ್ಯವೆನಿಸುತ್ತದೆ. ಕಾಡಿನ ಗಿಳಿ ಮೇವು ಹುಡುಕಿ ತಿನ್ನುವುದರಲ್ಲಿ ದಿನಕ್ಕೆ ನಾಲ್ಕಾರು ಗಂಟೆ ಕಳೆಯುತ್ತದೆ. ಪಂಜರದಲ್ಲಿ ಅದು ಒಂದು ಗಂಟೆಗೂ ಕಡಿಮೆಯಾಗುತ್ತದೆ. ಉಳಿದ ಹೊತ್ತು ಅಂಥ ಬುದ್ಧಿವಂತ ಹಕ್ಕಿ ಮಾಡುವುದೇನು? ಕಿರುಚುತ್ತದೆ, ಕಡಿಯುತ್ತದೆ, ತನ್ನ ಪುಕ್ಕ ತಾನೇ ಕೀಳುತ್ತದೆ. ಡೇವಿಸ್ ಕೇಂದ್ರದಲ್ಲಿ ಷೆರಿಲ್ ಮೀಹನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಡುಕಿ-ಬಿಡಿಸಿ ತಿನ್ನುವ ಏರ್ಪಾಡಿದ್ದ ಎಳೆಯ ಅಮೆಜಾನ್ ಗಿಳಿಗಳ ಪುಕ್ಕ ಚೆನ್ನಾಗಿತ್ತು, ಅದಿಲ್ಲದವು ಪುಕ್ಕ ಕಿತ್ತುಕೊಂಡವು. ಅವಕ್ಕೂ ಆ ಏರ್ಪಾಡು ಕೊಟ್ಟ ಮೇಲೆ ಸುಧಾರಿಸಿದವು. ಅಲ್ಲಿಯೇ ಇನ್ನೊಂದು ತಂಡ ಮಾಡಿದ್ದು ಬಹಳ ಸರಳ: ಪೆಲೆಟ್ಟನ್ನು ಕಾಲಲ್ಲಿ ಹಿಡಿದು ಕಡಿಯಬೇಕಾಗುವಷ್ಟು ದೊಡ್ಡದು ಮಾಡಿದರು. ತಿನ್ನುವ ಹೊತ್ತು ಹಲವು ಪಟ್ಟು ಹೆಚ್ಚಿತು.

ಇದನ್ನು ಮನೆಯಲ್ಲಿ ಮಾಡಲು ದುಡ್ಡು ಬೇಕಿಲ್ಲ. ಮುಸುಕಿನ ಜೋಳದ ತೆನೆಯನ್ನು ಸಿಪ್ಪೆಯೊಂದಿಗೇ ಕಟ್ಟಿ. ಕಾಳು ಬಿಡಿಸಿ ಕೊಡಬೇಡಿ. ನವಣೆಯನ್ನು ಬಟ್ಟಲಿಗೆ ಹಾಕುವ ಬದಲು ತೆನೆಯನ್ನೇ ನೇತುಹಾಕಿ. ಪೆಲೆಟ್‌ಗಳನ್ನು ಒಣ ಬಾಳೆಪಟ್ಟೆಯಲ್ಲಿ ಸುತ್ತಿ, ಮುತ್ತುಗದೆಲೆಯ ದೊನ್ನೆಯಲ್ಲಿ ಮುಚ್ಚಿ, ತೆಂಗಿನ ಚಿಪ್ಪಿನ ತೂತಿನೊಳಗೆ ತುರುಕಿ ಕೊಡಿ. ಕಾಡಿನಲ್ಲಿ ಗಿಳಿಗಳು ಬೆಳಗ್ಗೆ ಒಮ್ಮೆ, ಇಳಿಹೊತ್ತಿನಲ್ಲಿ ಒಮ್ಮೆ ಮೇಯುತ್ತವೆ. ಆ ಹೊತ್ತುಗಳಲ್ಲೇ ಊಟವಿಟ್ಟು ನಡುವೆ ಬಟ್ಟಲು ತೆಗೆದರೆ ಹಕ್ಕಿಗೆ ಹಸಿವೆಂಬುದು ಹುಟ್ಟುತ್ತದೆ, ಹಸಿದ ಹಕ್ಕಿ ಸೊಪ್ಪಿಗೂ ಕೊಕ್ಕು ಹಾಕುತ್ತದೆ. ತೀರ ಚಿಕ್ಕ ಹಕ್ಕಿ, ಮರಿ, ಮೊಟ್ಟೆಯಿಡುವ ಹೆಣ್ಣು, ಕಾಯಿಲೆಯ ಹಕ್ಕಿಗಳಿಗೆ ಈ ಬಟ್ಟಲು ತೆಗೆಯುವ ಕ್ರಮ ಸಲ್ಲದು.

ಕಾಳಿಗೆ ಒಗ್ಗಿದ ಹಕ್ಕಿಯನ್ನು ಬದಲಿಸುವುದು ತಾಳ್ಮೆಯ ಕೆಲಸ. ‘ಹಸಿದರೆ ತಾನೇ ತಿನ್ನುತ್ತದೆ’ ಎಂದು ಒಂದೇ ದಿನದಲ್ಲಿ ಕಾಳು ನಿಲ್ಲಿಸುವುದು ಕ್ರೌರ್ಯ. ಬಜರಿಗರ್ ಪೆಲೆಟ್ಟನ್ನು ಆಹಾರವೆಂದೇ ಗುರುತಿಸದೆ ಅದರ ಪಕ್ಕದಲ್ಲೇ ಕುಳಿತು ಸಾಯಬಲ್ಲದು. ಪೆಲೆಟ್ ಪುಡಿಯನ್ನು ಒದ್ದೆ ಮೊಳಕೆಗೆ ಅಂಟಿಸಿ ಶುರುಮಾಡಬಹುದು. ವಾರದಿಂದ ವಾರಕ್ಕೆ ಕಾಳಿನ ಪಾಲು ಇಳಿಸಬಹುದು. ನೀವೇ ಅದರ ಎದುರು ಒಂದೆಲೆ ಕೊತ್ತಂಬರಿ ಬಾಯಿಗಿಟ್ಟುಕೊಂಡು ಚಪ್ಪರಿಸಿ. ಹಿಂಡಿನ ಹಕ್ಕಿ ಹಿಂಡು ತಿಂದದ್ದನ್ನು ತಾನೂ ತಿನ್ನುತ್ತದೆ. ನಿಮ್ಮ ಬಾಯಿಂದ ಅದರ ಬಾಯಿಗೆ ಮಾತ್ರ ಬೇಡ, ನಮ್ಮ ಎಂಜಲಿನ ಸೂಕ್ಷ್ಮಾಣು ಅದಕ್ಕೆ ಒಗ್ಗುವುದಿಲ್ಲ. ಈ ಅವಧಿಯಲ್ಲಿ ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಅತ್ಯಗತ್ಯ. ದಿನವೂ ಬೆಳಗ್ಗೆ ಮೇವಿಗೆ ಮುಂಚೆ ತೂಗಿ ಬರೆದಿಡಿ. 90 ಗ್ರಾಂನ ಕಾಕಟೀಲ್ 81ಕ್ಕೆ ಇಳಿಯಿತೆಂದರೆ ಹತ್ತರಲ್ಲೊಂದು ಪಾಲು ಹೋಯಿತು. ಹಳೆಯ ಕಾಳಿಗೆ ಮರಳಿ ವೈದ್ಯರಿಗೆ ತೋರಿಸಬೇಕು. ಹಿಕ್ಕೆ ಕಡಿಮೆಯಾಗಿ ಕಡುಹಸಿರಾದರೂ ಅದೇ ಸೂಚನೆ.

ಹನ್ನೆರಡು-ಹದಿನೈದು ವರ್ಷ ಬೀಜವನ್ನೇ ತಿಂದ ಮುದಿ ಗಿಳಿಗಳಲ್ಲಿ ಕೆಲವು ಏನು ಮಾಡಿದರೂ ಪೆಲೆಟ್ ಮುಟ್ಟುವುದಿಲ್ಲ. ಅವುಗಳೊಂದಿಗೆ ಹಟ ಬೇಡ. ಸೂರ್ಯಕಾಂತಿಯನ್ನು ದಿನಕ್ಕೆ ಐದಾರು ಕಾಳಿಗೆ ಇಳಿಸಿ, ಉಳಿದ ಕಾಳನ್ನು ಮೊಳಕೆ ಕಟ್ಟಿ ಕೊಟ್ಟು, ಸೊಪ್ಪಿನ ಎಳೆಗಳನ್ನು ಅದು ಕೂರುವ ಕೊಂಬೆಗೇ ಕಟ್ಟಿ, ಕೊರತೆ ತುಂಬುವ ವಿಟಮಿನ್ ಪುಡಿಯನ್ನು ವೈದ್ಯರು ಹೇಳಿದ ಅಳತೆಯಲ್ಲಿ ಒದ್ದೆ ಮೊಳಕೆಗೆ ಉದುರಿಸಿ ಕೊಡಬಹುದು. ವರ್ಷಕ್ಕೊಮ್ಮೆ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿದರೆ ಈ ರಾಜಿ ಎಷ್ಟರಮಟ್ಟಿಗೆ ಸಾಗುತ್ತಿದೆ ಎಂಬುದು ತಿಳಿಯುತ್ತದೆ.